ಕಾಲುವೆಯಲ್ಲಿ ಕಂಡ ಕೆಂಪು ತೋಳು

ಅಮೆರಿಕದ ಡಬ್ಲಿನ್‌ನಲ್ಲಿ ನಮ್ಮ ಮನೆಯ ಹಿತ್ತಿಲ ಬೇಲಿಯಾಚೆ ಮಳೆನೀರು ಹರಿಯುವ ಒಂದು ಕಾಲುವೆ ಇದೆ. ವರ್ಷದ ಬಹುಪಾಲು ಅದರಲ್ಲಿ ಪಾದ ಮುಳುಗುವಷ್ಟೂ ನೀರಿರುವುದಿಲ್ಲ. ದಂಡೆಯ ಮೇಲಿನ ದಾರಿಯಲ್ಲಿ ಜನ ನಾಯಿ ಹಿಡಿದು ನಡೆಯುತ್ತಾರೆ, ಮಕ್ಕಳು ಸೈಕಲ್ ಕಲಿಯುತ್ತಾರೆ. ಆ ಕಾಲುವೆಯನ್ನು ಒಂದು ದಿನವೂ ನಂಬದಿದ್ದವರೆಂದರೆ ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿ. ನಾವು ಮನೆಗೆ ಬಂದ ಹೊಸದರಲ್ಲೇ ಬೇಲಿಯ ಮೇಲಿಂದ ಹೇಳಿದ್ದರು: "ಇದರ ದಂಡೆ ನೋಡಿ, ಬರೀ ಇಳಿಜಾರು. ಬಿದ್ದವರಿಗೆ ಹಿಡ್ಕೊಳ್ಳೋಕೆ ಏನೂ ಇಲ್ಲ."

ಎಂಬತ್ತು ದಾಟಿದ್ದ ಅವರು ಹುಟ್ಟಿದ್ದು ಇಂಗ್ಲೆಂಡಿನ ಕಾಲುವೆಯೊಂದರಲ್ಲಿ, ಕಲ್ಲಿದ್ದಲು ಸಾಗಿಸುವ ದೋಣಿಯ ಹಿಂದಿನ ಪುಟ್ಟ ಗೂಡಿನಲ್ಲಿ. ಅಮೆರಿಕದವರೊಬ್ಬರನ್ನು ಮದುವೆಯಾಗಿ ಇಲ್ಲಿಗೆ ಬಂದು, ಗಂಡ ತೀರಿಕೊಂಡ ಮೇಲೆ ಒಬ್ಬರೇ ಉಳಿದಿದ್ದರು. ಒಂದು ಚಳಿಗಾಲ ನನ್ನ ಅಮ್ಮ ಹುಬ್ಬಳ್ಳಿಯಿಂದ ಬಂದಿದ್ದಳು. ಮಧ್ಯಾಹ್ನ ಇಬ್ಬರೂ ನಮ್ಮ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಿದ್ದರು. ಮನೆಯಿಂದಲೇ ಕೆಲಸ ಮಾಡುವ ನಾನು ಮೀಟಿಂಗುಗಳ ನಡುವೆ ಬಂದು ಇವರ ಮಾತು ಅವರಿಗೆ, ಅವರದು ಇವರಿಗೆ ಹೇಳುತ್ತಿದ್ದೆ. ಹೀಗಾಗಿ ಅಜ್ಜಿಯ ಮಾತೆಲ್ಲ ನನ್ನ ನೆನಪಿನಲ್ಲಿ ಕನ್ನಡದಲ್ಲೇ ಉಳಿದಿದೆ.

ಅವರಲ್ಲಿ ಒಂದು ಸಂಸಾರಕ್ಕೆ ಎರಡು ದೋಣಿ. ಮುಂದಿನದಕ್ಕೆ ಎಂಜಿನ್ನು, ಹಿಂದಿನದು ಅದರ ಹಗ್ಗಕ್ಕೆ ಕಟ್ಟಿದ್ದು. ಅಜ್ಜಿಯ ಅಪ್ಪ ಮುಂದೆ, ಅವರಮ್ಮ ಹಿಂದೆ. ಹೊಟ್ಟೆ ತುಂಬ ಕಲ್ಲಿದ್ದಲು ಹೊತ್ತ ದೋಣಿಯಲ್ಲಿ ಮನುಷ್ಯರಿಗೆ ಉಳಿಯುತ್ತಿದ್ದುದು ಆ ಗೂಡು ಮಾತ್ರ. ಒಲೆ, ಮಡಚುವ ಹಲಗೆ ಮಂಚ, ಗೋಡೆಗೆ ನೇತುಹಾಕಿದ ಹಿತ್ತಾಳೆ ಸಾಮಾನು, ಹೆರಿಗೆ, ಊಟ, ನಿದ್ದೆ, ಎಲ್ಲವೂ ಅಲ್ಲೇ.

"ಯವ್ವಾ, ಅಷ್ಟ ಜಾಗಾದಾಗ ಬಾಣಂತನಾ?" ಎಂದು ಅಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡಳು.

"ಮೂರನೇ ದಿನ ಅಮ್ಮ ಮತ್ತೆ ಚುಕ್ಕಾಣಿ ಹಿಡಿದಿದ್ದಳಂತೆ," ಎಂದರು ಅಜ್ಜಿ.

ಗುಡ್ಡದೊಳಗೆ ಕೊರೆದ ಸುರಂಗಗಳ ವಿಷಯ ಬಂದಾಗ ಅವರ ದನಿ ಇಳಿಯುತ್ತಿತ್ತು. "ಒಳಗೆ ಹೊಕ್ಕರೆ ಕತ್ತಲು. ತಲೆ ಮೇಲೆ ತಣ್ಣನೆ ಹನಿ. ಎದುರು ದೋಣಿಯ ದೀಪ ಕಾಣ್ತಿತ್ತು, ಆದ್ರೆ ದೂರ ಇದೆಯೋ ಹತ್ತಿರ ಇದೆಯೋ ತಿಳೀತಿರಲಿಲ್ಲ. ತಾನಿದ್ದೀನಿ ಅಂತ ನಮಗೆ ತಿಳೀಲಿ ಅಂತ ಅಪ್ಪ ಹಾಡ್ತಾ ಇರ್ತಿದ್ದ. ಹಾಡು ನಿಂತರೆ ನಾವು ಉಸಿರು ಬಿಗಿ ಹಿಡೀತಿದ್ವಿ."

ಅವರಿಗೊಬ್ಬ ತಮ್ಮನಿದ್ದ; ಅವನ ಕತೆಯನ್ನು ಒಂದೇ ಸಲ ಹೇಳಿದರು. ನಮ್ಮಲ್ಲಿ ಆ ಚಳಿಗಾಲದ ದೊಡ್ಡ ಮಳೆ ಶುರುವಾಗಿದ್ದ ದಿನ ಅದು. ಅವರ ಕಾಲುವೆಗಳಲ್ಲಿ ದೋಣಿಯನ್ನು ಏರು ತಗ್ಗು ದಾಟಿಸಲು ಲಾಕ್ ಎಂಬ ಕಲ್ಲಿನ ತೊಟ್ಟಿಗಳಿರುತ್ತವೆ. ಅಂಥ ಒಂದು ತೊಟ್ಟಿಯ ನೀರು ತಡೆಯುವ ಒದ್ದೆ ಬಾಗಿಲ ಮೇಲಂಚಿನಲ್ಲಿ ನಡೆಯುತ್ತಿದ್ದ ತಮ್ಮ ಜಾರಿ, ದೋಣಿಗೂ ಕಲ್ಲುಗೋಡೆಗೂ ನಡುವೆ ಬಿದ್ದಿದ್ದ.

"ತುಂಬಿದ ದೋಣಿಗೆ ಬ್ರೇಕ್ ಇರಲ್ಲ. ಅಪ್ಪ ಕೂಗಿದ, ನಾನು ಕೂಗಿದೆ, ದೋಣಿ ತನ್ನ ಪಾಡಿಗೆ ತಾನು ಗೋಡೆಗೆ ಒರಗ್ತು." ಬಟ್ಟಲನ್ನು ಮೇಜಿನ ಮೇಲಿಟ್ಟು ಮುಂದುವರಿಸಿದರು. "ಸಾವಿನ ಬಗ್ಗೆ ವಿಚಾರಿಸೋಕೆ ಬಂದ ಅಧಿಕಾರಿ 'ಯಾವ ದೋಣಿ?' ಅಂತ ಕೇಳಿದ. ತಮ್ಮನ ಹೆಸರು ಕೇಳಲಿಲ್ಲ. ನಾವು ಯಾವ ಶಾಲೇಲೂ ಇರಲಿಲ್ಲ, ಯಾವ ಊರಿನವರೂ ಅಲ್ಲ. ಮಣ್ಣು ಮಾಡಿದ ಮರುದಿನ ಹೊರಟ್ವಿ. ಕಾರ್ಖಾನೆಗೆ ಕಲ್ಲಿದ್ದಲು ಬೇಕಿತ್ತು."

ಅಮ್ಮ ಎದ್ದು ಅವರ ಬಟ್ಟಲಿಗೆ ಇನ್ನಷ್ಟು ಚಹಾ ಹಾಕಿದಳು. ನಾನು ಏನನ್ನೂ ಅನುವಾದಿಸಲಿಲ್ಲ. ಅಮ್ಮನಿಗೆ ಅರ್ಥವಾಗಿತ್ತು.

ಮಳೆ ನಿಲ್ಲಲಿಲ್ಲ. ಫೋನುಗಳು ಪ್ರವಾಹದ ಎಚ್ಚರಿಕೆ ಕೊಟ್ಟು ಕಿರುಚುತ್ತಿದ್ದವು. ಕಾಲುವೆ ದಂಡೆಯವರೆಗೆ ತುಂಬಿತು. ನೀರು ಭೋರ್ಗರೆಯುತ್ತದೆಂದು ನಾನು ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಕಂದು ಬಣ್ಣದ ನೀರು ಸದ್ದೇ ಇಲ್ಲದೆ, ಓಡುವ ಮನುಷ್ಯನಿಗಿಂತ ಜೋರಾಗಿ ಹೋಗುತ್ತಿತ್ತು.

ಮರುದಿನ ಮಧ್ಯಾಹ್ನ ಅಮ್ಮ ಅಡುಗೆಮನೆಯ ಕಿಟಕಿಯಿಂದ ಅಜ್ಜಿಯನ್ನು ಕಂಡು ಕೂಗಿದಳು. "ಅಕ್ಕಾರು ಎಲ್ಲಿ ಹೊಂಟಾರ ನೋಡ. ಕೈಯಾಗ ಛತ್ರಿನೂ ಇಲ್ಲ."

ಲ್ಯಾಪ್‌ಟಾಪನ್ನು ಹಾಗೇ ಬಿಟ್ಟು ಓಡಿದೆ. ಅಜ್ಜಿ ದಂಡೆಯ ಮೇಲೆ ನಿಂತು ನೀರಿನ ಕಡೆ ಕೈ ಚಾಚಿದ್ದರು. "ತೋಳು! ಕೆಂಪು ತೋಳು! ಅಲ್ಲಿ, ಅಲ್ಲಿ!"

ನಾನೂ ನೋಡಿದೆ. ಕಪ್ಪಗೆ ಏನೋ ಒಂದು ಮಗುಚಿತು, ಅದರ ಅಂಚಿನಲ್ಲಿ ಕೆಂಪು ಮೇಲೆದ್ದಿತು, ಮುಳುಗಿತು. ಮರುಕ್ಷಣ ಅದು ಫ್ರೀವೇ ಎಂಬ ಹೆದ್ದಾರಿಯ ಸೇತುವೆಯ ಅಡಿಗೆ ಹೋಗಿತ್ತು. ಒದ್ದೆ ಬೆರಳುಗಳು ಫೋನಿನ ಮೇಲೆ ಜಾರುತ್ತಿದ್ದವು. ಹೇಗೋ ತುರ್ತು ಸೇವೆಗೆ ಕರೆ ಮಾಡಿದೆ.

ಅಗ್ನಿಶಾಮಕದವರು ಬೇಗ ಬಂದರು. ಕೆಳಗಿನ ಸೇತುವೆಗಳ ಮೇಲೆ ಹಗ್ಗ ಹಿಡಿದು ನಿಂತರು. ಅವರಲ್ಲೊಬ್ಬ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ: "ನೀವು ಸ್ವತಃ ನೋಡಿದಿರಾ? ಮನುಷ್ಯರೇನಾ?"

"ಕೆಂಪು ಕಂಡಿತು. ಮನುಷ್ಯರೋ ಅಲ್ಲವೋ ಹೇಳಲಾರೆ," ಎಂದೆ.

ಅಜ್ಜಿ ನನ್ನ ಕಡೆ ತಿರುಗಿ ನೋಡಿದರು. ಅಗ್ನಿಶಾಮಕದವರು ಕತ್ತಲಾಗುವವರೆಗೆ ಹುಡುಕಿದರು. ಏನೂ ಸಿಗಲಿಲ್ಲ. ಸುತ್ತಮುತ್ತ ಯಾರಾದರೂ ಕಾಣೆಯಾದರೆಂಬ ದೂರು ಬಂದಿಲ್ಲವೆಂದು ತಿಳಿಸಿ ಹೊರಟುಹೋದರು.

"ಪಾಪ, ತಮ್ಮನ ನೆನಪು ಬಂದಿರತ್ತೆ ಕಣೇ," ಎಂದರು ನನ್ನ ಗಂಡ. "ಈ ಮಳೇಲಿ ಯಾವುದೋ ಜಾಕೆಟ್ಟೋ ಬ್ಯಾಗೋ ಕೊಚ್ಕೊಂಡ್ ಹೋಗಿರತ್ತೆ."

ಅಮ್ಮ ಒಪ್ಪಲಿಲ್ಲ. "ಆಕಿ ನೀರಿನ ಮ್ಯಾಲೆ ಹುಟ್ಟಿದಾಕಿ. ನೀರಾಗಿಂದು ಆಕಿಗೆ ತಿಳಿಯಂಗಿಲ್ಲೇನು?"

ನೀರು ಇಳಿದ ಮೇಲೆ ಅಜ್ಜಿ ನನ್ನನ್ನು ಫ್ರೀವೇ ಸೇತುವೆಯ ಕೆಳಗೆ ಕರೆದುಕೊಂಡು ಹೋದರು. ಅಲ್ಲಿ ಮನೆಯಿಲ್ಲದ ಕೆಲವರು ಟೆಂಟು ಹಾಕಿಕೊಂಡು ಇರುತ್ತಿದ್ದರು. ಎಷ್ಟೋ ಸಲ ಅವರ ತಲೆಯ ಮೇಲಿಂದಲೇ ಕಾರಿನಲ್ಲಿ ಹೋಗುತ್ತಿದ್ದ ನಾನು ಒಮ್ಮೆಯೂ ಅಲ್ಲಿಗೆ ಇಳಿದಿರಲಿಲ್ಲ. ಕೆಸರಿನ ವಾಸನೆ. ನಡುವಯಸ್ಸಿನವನೊಬ್ಬ ಕಂಬಳಿಗಳನ್ನು ತಂತಿಬೇಲಿಗೆ ಹರಡುತ್ತಿದ್ದ.

"ನಿಮ್ಮಲ್ಲಿ ಯಾರಾದರೂ ಕಾಣ್ತಿಲ್ವಾ?" ಎಂದು ಅಜ್ಜಿ ಕೇಳಿದರು.

ಅವನು ಕಂಬದ ಬುಡ ತೋರಿಸಿದ. ಅಲ್ಲಿ ಬರೀ ಕೆಸರಿತ್ತು. "ಅಲ್ಲೊಬ್ಬಳು ಇದ್ದಳು. ಹೊಸಬಳು. ಯಾರ ಹತ್ರಾನೂ ಮಾತಾಡ್ತಿರಲಿಲ್ಲ. ನೀರು ಬಂದಾಗ ನಾವೆಲ್ಲ ಮೇಲಕ್ಕೆ ಓಡಿದ್ವಿ. ಅವಳೂ ಬಂದಿರ್ತಾಳೆ ಅಂದ್ಕೊಂಡೆ."

"ಕೆಂಪು ಜಾಕೆಟ್ ಇತ್ತಾ?"

"ನೆನಪಿಲ್ಲ." ಕಂಬಳಿಯ ನೀರು ಹಿಂಡಿದ. "ರೈಲು ಹತ್ತಿ ಓಕ್ಲೆಂಡಿಗೆ ಹೋಗಿರಬಹುದು. ಇಲ್ಲಿ ಹೇಳಿ ಹೋಗೋರು ಯಾರಿದ್ದಾರೆ?"

ಆಮೇಲೆ ಎಷ್ಟೋ ವಾರ ಅಜ್ಜಿ ಇಲ್ಲಿನ ಜಿಲ್ಲಾಡಳಿತವಾದ ಕೌಂಟಿಯ ಆಫೀಸಿಗೆ ಫೋನ್ ಮಾಡುತ್ತಿದ್ದರು. ಆಚೆಯವರು ಸಮಾಧಾನದಿಂದಲೇ ಕೇಳುತ್ತಿದ್ದರು, ಕಾಣೆಯಾದವರ ಹೆಸರೇನು ಎಂದು. "ಅದನ್ನೇ ನಾನು ನಿಮ್ಮನ್ನ ಕೇಳ್ತಿರೋದು," ಎನ್ನುತ್ತಿದ್ದರು ಅಜ್ಜಿ. ಯಾವ ದೇಹವೂ ಸಿಗಲಿಲ್ಲ. ಆ ಹೆಂಗಸು ಓಕ್ಲೆಂಡಿನಲ್ಲಿದ್ದಾಳೋ, ಎಲ್ಲಿದ್ದಾಳೋ, ಇವತ್ತಿಗೂ ನಮಗೆ ಗೊತ್ತಿಲ್ಲ. ಅಮ್ಮ ಹುಬ್ಬಳ್ಳಿಗೆ ವಾಪಸಾದಳು. ಬೇಸಿಗೆಯಲ್ಲಿ ಸೇತುವೆಯ ಕೆಳಗೆ ಯಾರೂ ಮಲಗದಂತೆ ಅಧಿಕಾರಿಗಳು ದೊಡ್ಡ ದೊಡ್ಡ ಬಂಡೆಗಲ್ಲು ತಂದು ಸುರಿದರು.

ಆ ಕಲ್ಲುಗಳನ್ನು ನೋಡಲು ಹೋದ ಸಂಜೆ ಅಜ್ಜಿಯನ್ನು ಕೇಳಿದೆ, ತಮ್ಮ ಹೋದ ಮೇಲೆ ಅದೇ ದಾರಿಯಲ್ಲಿ ಹೇಗೆ ಓಡಾಡಿದಿರಿ ಎಂದು.

"ಬೇರೆ ದಾರಿ ಇರಲಿಲ್ಲ. ವಾರವಾರವೂ ಅದೇ ಲಾಕ್ ದಾಟಬೇಕು. ಹತ್ತಿರ ಬರ್ತಿದ್ದ ಹಾಗೆ ಅಮ್ಮ ಗೂಡಿನೊಳಗೆ ಹೋಗಿ ಬಾಗಿಲು ಹಾಕ್ಕೊಳ್ಳೋಳು. ಚುಕ್ಕಾಣಿ ನಾನು ಹಿಡೀತಿದ್ದೆ. ನೀರಿನ ಕಡೆ ನೋಡ್ತಿರಲಿಲ್ಲ, ಗೋಡೆ ಕಡೆ ಮಾತ್ರ ನೋಡ್ತಿದ್ದೆ."

ಹಿಂದಿರುಗುವಾಗ ಅವರು ನನ್ನ ಕೈ ಹಿಡಿದುಕೊಂಡರು. ಹಿಡಿತ ಬಹಳ ಗಟ್ಟಿಯಾಗಿತ್ತು.

ಈ ವರ್ಷ ಮಳೆ ಇನ್ನೂ ಶುರುವಾಗಿಲ್ಲ. ಮೊನ್ನೆ ಶಾಲೆಗೆ ಹೊರಟ ಮಗಳಿಗೆ, ಕಾಲುವೆ ಪಕ್ಕದ ದಾರಿ ಬಿಟ್ಟು ರಸ್ತೆ ಕಡೆಯಿಂದ ಹೋಗು ಎಂದೆ. ಅಲ್ಲಿ ನೀರೇ ಇಲ್ಲವಲ್ಲ ಎಂದು ಅವಳು ಇಂಗ್ಲಿಷಿನಲ್ಲಿ ವಾದಿಸಿದಳು. ಹೌದು, ನೀರಿರಲಿಲ್ಲ. ಆದರೂ ಅವಳು ರಸ್ತೆಯ ತಿರುವು ದಾಟುವವರೆಗೆ ಗೇಟಿನಲ್ಲೇ ನಿಂತಿದ್ದೆ.