ಸೋಮವಾರ ಓಡದ ಕರೆಂಟ್ ಗಾಡಿ

ಬೆಳಿಗ್ಗೆ ಎದ್ದು ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡ ಹೆಂಗಸಿಗೆ ಸಿಟ್ಟು ಬರಬಾರದು ಎನ್ನುತ್ತಾರೆ. ನನಗೆ ಬರುತ್ತದೆ. ಅದರಲ್ಲೂ ನಮ್ಮ ಮನೆಯ ಗಂಡಸರು ಕಟ್ಟೆಯ ಮೇಲೆ ಕಾಲು ಮಡಚಿ ಕೂತು, ಯಾವುದೋ ವಸ್ತುವಿನ ಗುಣವೆಷ್ಟು ದೋಷವೆಷ್ಟು ಎಂದು ತೂಗತೊಡಗಿದರೆ, ಹಚ್ಚಿದ ವಿಭೂತಿ ಬಿಸಿಯಾಗುವಷ್ಟು ಬರುತ್ತದೆ. ಒಂದು ದಿನವೂ ಹಿಟ್ಟು ರುಬ್ಬದವರು ಗ್ರೈಂಡರಿನ ಗುಣ ಹೇಳುತ್ತಾರೆ. ಒಂದು ಟವೆಲ್ಲನ್ನೂ ಹಿಂಡದವರು ಸೋಪಿನ ಪುಡಿಯ ದೋಷ ಹೇಳುತ್ತಾರೆ. ಅದನ್ನೆಲ್ಲ ಕೊಟ್ಟೂರೇಶ್ವರನ ಹೆಸರು ಹೇಳಿ ನುಂಗಿಕೊಂಡಿದ್ದೇನೆ. ನನ್ನ ಕರೆಂಟ್ ಗಾಡಿಯನ್ನು ತೂಗಲು ಕೂತಾಗ ಮಾತ್ರ ನುಂಗಲಾಗಲಿಲ್ಲ.

ನನ್ನದು ಎಂದೆನಲ್ಲ, ತಂದವರು ನಮ್ಮ ಯಜಮಾನರೇ. ಕೊಟ್ಟೂರಿನಲ್ಲಿ ಅವರದು ಬೀಜ-ಗೊಬ್ಬರದ ಅಂಗಡಿ. ಎರಡು ವರ್ಷದ ಹಿಂದೆ ದಾವಣಗೆರೆಯಿಂದ ಈ ಬ್ಯಾಟರಿ ಸ್ಕೂಟರ್ ತಂದು, ಪೆಟ್ರೋಲ್ ಬೇಡ, ಲೈಸೆನ್ಸ್ ಬೇಡ, ನಂಬರ್ ಪ್ಲೇಟೂ ಬೇಡ ಎಂದು ಓಣಿಗೆಲ್ಲ ಹೇಳಿದರು. ಒಂದು ವಾರ ಮೆರೆದರು. ಎಂಟನೆಯ ದಿನ ಕೂಡ್ಲಿಗಿ ದಾರಿಯಲ್ಲಿ ಚಾರ್ಜ್ ಮುಗಿದು ಗಾಡಿ ಸುಮ್ಮನೆ ನಿಂತಿತು. ಕುರಿ ತುಂಬಿದ್ದ ಲಗೇಜ್ ಆಟೋದಲ್ಲಿ, ಕುರಿಗಳ ನಡುವೆ ಸ್ಕೂಟರ್, ಸ್ಕೂಟರಿನ ಪಕ್ಕದಲ್ಲಿ ಇವರು, ಹೀಗೆ ಬಸ್ ಸ್ಟ್ಯಾಂಡ್ ಮುಂದೆ ಬಂದಿಳಿದರು. ಆಮೇಲೆ ಅದನ್ನು ಮುಟ್ಟಲಿಲ್ಲ. ಪಡಸಾಲೆಯಲ್ಲಿ ನಿಂತ ಗಾಡಿಯ ಸೀಟಿನ ಮೇಲೆ ನಾನು ಜೋಳದ ಚೀಲ ಇಡುತ್ತಿದ್ದೆ.

ಒಂದು ದಿನ ಅದೇ ಚೀಲವನ್ನು ಹೊತ್ತು ಗಿರಣಿಗೆ ಹೋಗುವಾಗ ಮಂಡಿ ಕೈಕೊಟ್ಟಿತು. ಎದುರು ಮನೆಯ ಮೆಕ್ಯಾನಿಕ್ ದಾದಾಪೀರ ಚೀಲ ಎತ್ತಿಕೊಟ್ಟು, ಗಾಡಿ ಮನೆಯಲ್ಲೇ ಇದೆಯಲ್ಲ, ನೀವೇ ಹೊಡೆಯಬಾರದೇ ಎಂದ. ಹೈಸ್ಕೂಲ್ ಮೈದಾನದಲ್ಲಿ ನಾಲ್ಕು ಬೆಳಿಗ್ಗೆ ಕಲಿಸಿದ.

"ಅಕ್ಕಾರ, ಇದಕ್ಕ ಗೇರಿಲ್ಲ, ಕ್ಲಚ್ಚಿಲ್ಲ. ಹಿಡಿಕಿ ತಿರುವಿದ್ರ ಹೊಕ್ಕೈತಿ. ನಿಲ್ಲಸಾಕ ದೇವ್ರನ್ನ ಕರೀಬ್ಯಾಡ್ರಿ, ಬ್ರೇಕ್ ಹಿಡೀರಿ."

ನಾನು ಎರಡನ್ನೂ ಮಾಡಿದೆ.

ಅಂದಿನಿಂದ ಗಿರಣಿ, ಸಂತೆ, ಎಲ್ಲಕ್ಕಿಂತ ಹೆಚ್ಚಾಗಿ ಕೋಗಳಿ. ಕೋಗಳಿಯಲ್ಲಿ ನನ್ನ ತಂಗಿ ಇದ್ದಾಳೆ. ಗಂಡ ತೀರಿದ ಮೇಲೆ ಮಾತು ಬಿಟ್ಟವಳು. ಮೊದಲು ವರ್ಷಕ್ಕೆರಡು ಸಲ ಬಸ್ಸಿಗೆ ಹೋಗಿ, ಮುಖ ನೋಡಿ, ತಿರುಗುವ ಬಸ್ಸಿಗೆ ಓಡಿ ಬರುತ್ತಿದ್ದೆ. ಈಗ ಪ್ರತಿ ಗುರುವಾರ ಹೋಗುತ್ತೇನೆ. ಕೋಗಳಿ ಮುಟ್ಟುವ ಹೊತ್ತಿಗೆ ಗಾಡಿಯ ಉಸಿರು ಮುಗಿದಿರುತ್ತದೆ. ನಾಲ್ಕು ತಾಸು ಚಾರ್ಜಿಗೆ ಹಾಕಲೇಬೇಕು, ನಡುವೆ ಕರೆಂಟ್ ಹೋದರೆ ಐದು. ಪೆಟ್ರೋಲ್ ಗಾಡಿಯವರು ಚಹಾ ಕುಡಿದು ಎದ್ದು ಹೋಗುತ್ತಾರೆ. ನಾನು ಎಲ್ಲಿಗೆ ಹೋಗಲಿ? ತಂಗಿಯ ಜೊತೆ ಕೂತು ಕಾಳು ಹಸನು ಮಾಡುತ್ತೇನೆ. ಮೊದಲ ತಾಸು ಅವಳು ಹೂಂ ಉಹೂಂ ಅನ್ನುತ್ತಾಳೆ. ಎರಡನೆಯದರಲ್ಲಿ ಊಟ. ಮೂರನೆಯ ತಾಸಿಗೆ ಬಾಯಿ ಬಿಡುತ್ತಾಳೆ. ಹೋದ ದೀಪಾವಳಿಯ ಸುಮಾರಿಗೆ ಒಮ್ಮೆ ನಕ್ಕಳು ಕೂಡ. ದಿನವೂ ದೀಪ ಹಚ್ಚುವಾಗ ಆ ದಿನದ ಸಣ್ಣಪುಟ್ಟ ಕೃಪೆಗಳನ್ನು ದೇವರಿಗೆ ಒಪ್ಪಿಸುವುದು ನನ್ನ ರೂಢಿ: ಇವತ್ತು ಎದುರು ಗಾಳಿ ಇರಲಿಲ್ಲ, ಹಾಲು ಒಡೆಯಲಿಲ್ಲ ಎಂದು. ತಂಗಿ ನಕ್ಕ ದಿನ ಬೇರೇನೂ ನೆನಪಾಗಲಿಲ್ಲ.

ಗಾಡಿಯ ವಿಷಯದಲ್ಲಿ ನಾನು ಮಾಡಿದ ತಪ್ಪನ್ನೂ ಹೇಳಬೇಕು. ನಾನು ಒಕ್ಕಲುತನದ ಮನೆಯ ಮಗಳು. ನನಗೆ ಗೊತ್ತಿರುವುದು ಎತ್ತಿನ ಉಪಚಾರ. ಮೊದಲ ಆಯುಧಪೂಜೆಗೆ ಎತ್ತಿನ ಮೈ ತೊಳೆದಂತೆ ಎಂಟು ಕೊಡ ನೀರು ಸುರಿದು ತಿಕ್ಕಿದೆ. ಮೂರು ದಿನ ಗಾಡಿ ಕಣ್ಣು ಬಿಡಲಿಲ್ಲ. ದಾದಾಪೀರ ಅದರ ಹೊಟ್ಟೆ ಬಿಚ್ಚಿ, ಒಳಗಿನದನ್ನೆಲ್ಲ ನಮ್ಮ ಮೊರದಲ್ಲೇ ಹರವಿ, ಸಂಡಿಗೆಯ ಹಾಗೆ ಬಿಸಿಲಿಗಿಟ್ಟ. ತೊಳೆಯುವುದನ್ನು ಬಿಟ್ಟೆ. ಬಿಡದಿರುವುದು ಸೋಮವಾರ. ನಮ್ಮ ಕಡೆ ಸೋಮವಾರ ಬಸವಣ್ಣನ ದಿನ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಆರು ದಿನ ನನ್ನ ಭಾರ ಹೊತ್ತದ್ದಕ್ಕೆ ಏಳನೆಯ ದಿನ ಬಿಡುವು ಕೊಟ್ಟರೆ ಯಾರ ಗಂಟು ಹೋಯಿತು? ಅಂದು ಅದರ ದೀಪಕ್ಕೆ ವಿಭೂತಿ ಹಚ್ಚಿ, ನಾನು ಗುಡಿಗೆ ನಡೆದೇ ಹೋಗುತ್ತೇನೆ.

ಈಗ ಕಟ್ಟೆಯ ಪಂಚಾಯಿತಿಗೆ ಬರೋಣ. ಹಡಗಲಿಯಿಂದ ನನ್ನ ಮೈದುನ ತನ್ನ ಡೀಸೆಲ್ ಜೀಪಿನಲ್ಲಿ ಬಂದ. ಆ ಜೀಪು ಓಣಿಗೆ ಬಂದರೆ ಅದರ ಸದ್ದಿಗೆ ಎಮ್ಮೆ ಹಾಲು ಬಿಡದೆ ಏರಿಸಿಕೊಳ್ಳುತ್ತದೆ. ಅಣ್ಣ ತಮ್ಮ ಇಬ್ಬರೂ ಕೂತರು, ನಾನು ಚಹಾ ಕೊಟ್ಟೆ, ತೂಗುವುದು ಶುರುವಾಯಿತು. ಸ್ಪೀಡಿಲ್ಲ. ಇಬ್ಬರು ಕೂತರೆ ಏರು ಹತ್ತುವುದಿಲ್ಲ. ಬ್ಯಾಟರಿಗೆ ಮುಪ್ಪು ಬಂದಿದೆ. ಸದ್ದೇ ಇಲ್ಲ, ಗಾಡಿ ಬಂದದ್ದು ನಾಯಿಗೂ ಗೊತ್ತಾಗುವುದಿಲ್ಲ. ಗುಣದ ಕಡೆಗೆ ಇಟ್ಟದ್ದು ಒಂದೇ: ಪೆಟ್ರೋಲ್ ಬೇಡ. ಮೈದುನ ಮೀಸೆಯ ಮೇಲೆ ಕೈ ಎಳೆದು, "ನನ್ನ ಜೀಪಿನಂಥಾದು ಕರೆಂಟ್ ಮ್ಯಾಲ ಓಡಿದ ದಿನ ನಾ ಮೀಸಿ ತಗಸ್ತೀನಿ" ಎಂದ.

ಅಂಥ ಜೀಪೂ ಒಂದು ದಿನ ಬಂದೀತು. ಆಗಲೂ ಕಟ್ಟೆಯ ಮೇಲೆ ಗಂಡಸರು ಕೂತು ಅದು ಎಷ್ಟು ಓಡುತ್ತದೆ, ಎಷ್ಟು ಎಳೆಯುತ್ತದೆ ಎಂದು ತೂಗುತ್ತಾರೆ. ಸೀರೆ ಉಟ್ಟವಳು ಅಷ್ಟೆತ್ತರಕ್ಕೆ ಹೇಗೆ ಹತ್ತಬೇಕು ಎಂದು ಒಬ್ಬರೂ ಕೇಳುವುದಿಲ್ಲ. ಪುರಾಣವನ್ನಾದರೂ ನೋಡಬಾರದೇ ಇವರು? ಅಷ್ಟು ದೊಡ್ಡ ಹೊಟ್ಟೆಯ ಗಣಪತಿ ಇಲಿಯ ಮೇಲೆ ಕೂತ. ಈ ಇಲಿ ಏರು ಹತ್ತೀತೇ, ಮಾರಿದರೆ ಎಷ್ಟು ಬಂದೀತು ಎಂದು ಕೈಲಾಸದಲ್ಲಿ ಯಾರಾದರೂ ಪಂಚಾಯಿತಿ ಸೇರಿದರೇ? ಕೂರುವವನು ಒಪ್ಪಿದ, ಮುಗಿಯಿತು. ಇಲ್ಲಿ ಎರಡು ವರ್ಷ ಕೂತವಳು ನಾನು, ಚಹಾದ ಲೋಟ ಹಿಡಿದು ಮೂರು ಮಾರು ದೂರದಲ್ಲಿ ನಿಂತಿದ್ದೇನೆ. ನಿನಗೇನು ಅನ್ನಿಸುತ್ತದೆ ಎಂದು ಇಬ್ಬರೂ ಕೇಳಲಿಲ್ಲ. ತೂಗಿ ಮುಗಿಸಿದರು: ಮಾರಿಬಿಡುವುದು. ಇನ್ನು ಕೋಗಳಿಗೆ ಹೇಗೆ ಹೋಗಲಿ ಎಂದರೆ, ಬಸ್ಸಿದೆಯಲ್ಲ ಎಂದರು. ಬಸ್ಸು ಮೂರನೆಯ ತಾಸಿನವರೆಗೆ ಕಾಯುತ್ತದೆಯೇ?

ಕೊಳ್ಳುವವರನ್ನು ಮೈದುನನೇ ಗೊತ್ತು ಮಾಡಿದ. ತೆಲಿಗಿಯ ರುದ್ರಪ್ಪನವರು, ಅರವತ್ತು ದಾಟಿದ ರೈತರು. ನಲವತ್ತು ಕಿಲೋಮೀಟರ್ ಓಡುತ್ತದೆ ಎಂದು ಹೇಳಬೇಕು, ಉಳಿದದ್ದಕ್ಕೆ ಬಾಯಿ ಹಾಕಬಾರದು ಎಂದು ಯಜಮಾನರು ನನಗೆ ಪಾಠ ಮಾಡಿದ್ದರು. ರುದ್ರಪ್ಪನವರು ಬಂದದ್ದು ಸೋಮವಾರ. ಯಜಮಾನರು ಒಂದು ಸುತ್ತು ಹೊಡೆದು ತೋರಿಸಲು ಕೀ ಕೇಳಿದರು.

"ಇವತ್ತು ಸೋಮಾರ," ಎಂದೆ. "ಹೂಡಂಗಿಲ್ಲ."

"ಅದೇನು ಎತ್ತೇನ?" ಎಂದು ಅವರು ಹಲ್ಲು ಕಚ್ಚಿದರು. ಆದರೆ ರುದ್ರಪ್ಪನವರು ಕೈ ಎತ್ತಿ ಅವರನ್ನು ತಡೆದರು. "ಬ್ಯಾಡ ಬಿಡ್ರಿ. ನಾನೂ ಸೋಮಾರ ಹೂಡಾಂವಲ್ಲ."

ಹೆಗಲಿನ ಟವೆಲ್ ಸರಿಮಾಡಿಕೊಂಡು ಗಾಡಿಯ ಸುತ್ತ ಒಂದು ಸಲ ಬಂದರು. ಸೀಟು ಒತ್ತಿದರು, ಬಗ್ಗಿ ಹೊಟ್ಟೆಯ ಕೆಳಗೆ ನೋಡಿದರು. ಸಂತೆಯಲ್ಲಿ ಎತ್ತು ನೋಡುವ ಹಾಗೆಯೇ. ಆಮೇಲೆ, ಇದನ್ನು ದಿನವೂ ಹೂಡುವವರು ಯಾರು ಎಂದು ಕೇಳಿದರು. ಯಜಮಾನರು ಗದ್ದದಿಂದ ನನ್ನ ಕಡೆ ತೋರಿಸಿದರು.

"ಹಂಗಾರ ಆಕೀನ ಕೇಳಬೇಕಲ್ಲ. ಹೇಳವ್ವ, ಇದರ ಗುಣ ಏನು, ಐಬು ಏನು?"

ಎರಡು ವರ್ಷಕ್ಕೆ ಮೊದಲ ಸಲ ಒಬ್ಬರು ಕೇಳಿದರು. ಹೇಳಿದ್ದೆಲ್ಲ ಐಬು. ಹೊಸದರಲ್ಲಿ ನಲವತ್ತು ಓಡುತ್ತಿತ್ತೋ ಏನೋ, ಈಗ ಇಪ್ಪತ್ತು ದಾಟಿದರೆ ದೇವರೇ ದಿಕ್ಕು. ಏರಿಗೆ ಇಳಿದು ನೂಕಬೇಕು. ಹಾರನ್ನಿಗೆ ಕುರಿ ಕೂಡ ಸರಿಯುವುದಿಲ್ಲ. ರಸ್ತೆಯ ಉಬ್ಬಿಗೆ ಹೊಟ್ಟೆ ಉಜ್ಜುತ್ತದೆ. ಮಳೆಗೆ ಅಂಜುತ್ತದೆ. ಒಂದೂ ಸುಳ್ಳಲ್ಲ, ಬೇಕಾದರೆ ಗುಡಿಯಲ್ಲಿ ನಿಂತು ಹೇಳುತ್ತೇನೆ. ಆದರೆ ಗುಣಗಳನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡೆ. ಇದು ಪಾಪವಾದರೆ ನನ್ನ ಲೆಕ್ಕಕ್ಕೇ ಇರಲಿ.

ರುದ್ರಪ್ಪನವರು ಪೂರ್ತಿ ಕೇಳಿ ನಕ್ಕರು. "ಇಷ್ಟು ಐಬು ಗೊತ್ತಿದ್ದೂ ಹೂಡ್ತಾಳಂದ್ರ, ಈಕಿ ಇದನ್ನ ಮಾರಾಕಿ ಅಲ್ಲ ಬಿಡ್ರಿ ಯಜಮಾನ್ರ." ಅಷ್ಟಕ್ಕೆ ನಿಲ್ಲಿಸದೆ, ತಮ್ಮ ಸೊಸೆಗೆ ಇಂಥದೇ ಒಂದು ಬೇಕಾಗಿತ್ತು, ಪಕ್ಕದ ಊರಿನ ಅಂಗನವಾಡಿಗೆ ದಿನವೂ ಬಸ್ಸಿನಲ್ಲಿ ಸಾಯುತ್ತಾಳೆ ಎಂದರು.

"ಆಕೀನ ಕೇಳೀರೇನ್ರಿ?" ಎಂದೆ. ಸಿಟ್ಟಿನಲ್ಲೇ ಬಂತು ಮಾತು.

ಅವರು, ನನ್ನ ಕೋಗಳಿಯ ಗುರುವಾರ ಬಿಟ್ಟು, ಶುಕ್ರವಾರ ಸೊಸೆಯನ್ನೇ ಕರೆದುಕೊಂಡು ಬಂದರು. ನಾನು ಆ ಹುಡುಗಿಗೆ ಗುಣವನ್ನೆಲ್ಲ ಒಪ್ಪಿಸಿದೆ: ಯಾರ ಮುಂದೆಯೂ ಕೈ ಚಾಚಬೇಕಿಲ್ಲ, ಎಷ್ಟು ಹೊತ್ತಿಗೆ ಬೇಕಾದರೂ ಹೊರಡಬಹುದು, ಇದು ಬೇಡ, ಹೊಸದನ್ನೇ ಕೊಡಿಸಿಕೋ, ನಾನೇ ಕಲಿಸುತ್ತೇನೆ ಎಂದು. ಮೈದಾನದಲ್ಲಿ ಒಂದು ಸುತ್ತು ಹಿಂದೆ ಕೂರಿಸಿಕೊಂಡು ಹೋಗಿಯೂ ಬಂದೆ. ಅವಳು ಇಳಿದು, ಮಾವನವರು ಸ್ವಲ್ಪ ದೂರ ಇರುವುದನ್ನು ನೋಡಿಕೊಂಡು, ಮೆಲ್ಲಗೆ ಹೇಳಿದಳು:

"ಬ್ಯಾಡ್ರಿ ಅಕ್ಕಾರ. ಬಸ್ಸಿನಾಗ ಕಿಟಕಿ ಕಡೆ ಕೂತು ಅರ್ಧ ತಾಸು ಕಣ್ಣು ಮುಚ್ಚತೀನಿ. ಇಡೀ ದಿನದಾಗ ನನ್ನ ಯಾರೂ ಕರೀದಿರೋ ಹೊತ್ತು ಅದೊಂದ ಐತಿ."

ಕಟ್ಟೆಯ ಮೇಲೆ ಕೂರದೆ, ಗಾಡಿಯ ಮೇಲೆ ಕೂತೇ ನಾನೂ ಅವಳ ಪರವಾಗಿ ತೂಗಿ ಮುಗಿಸಿದ್ದೆ. ಗಾಡಿ ನಮ್ಮಲ್ಲೇ ಉಳಿಯಿತು, ಸಿಟ್ಟೂ ಉಳಿದಿದೆ. ಆದರೆ ಈಗ ಅದನ್ನು ಯಾರ ಮೇಲಾದರೂ ಹರಿಬಿಡುವ ಮೊದಲು, ನಾನು ಕೇಳಿದ್ದೇನೆಯೇ ಎಂದು ಒಂದು ಗಳಿಗೆ ನಿಲ್ಲುತ್ತೇನೆ. ಬಹಳ ಹೊತ್ತು ನಿಲ್ಲುವುದಿಲ್ಲ.