ಉಸಿರಾಡಬೇಕಾಗಿದ್ದು ಗೋಡೆ

ಅಂದು ಅಕ್ಕ ಬಡಿಸಿದ್ದು ಬಿಸಿಬೇಳೆಬಾತೋ ಪುಳಿಯೋಗರೆಯೋ, ಖಚಿತವಿಲ್ಲ. ಹೊರಗೆ ಮಳೆ ಎಂದು ಡೈರಿಯಲ್ಲಿದೆ. ಆದರೆ ಆ ಪುಟವನ್ನು ತಿಂಗಳುಗಳ ನಂತರ ಸಿಟ್ಟಿನಲ್ಲಿ ಬರೆದೆ. ಅದನ್ನೂ ಪೂರ್ತಿ ನಂಬಲಾರೆ.

ಹಳೆಯ ಚಿತ್ರಗಳ ಸಂರಕ್ಷಣೆ ನನ್ನ ಕೆಲಸ. ಕಡಲಾಚೆಯ ಹೇವರ್ಡ್ ಊರಿನ ಗೋದಾಮುಗಳ ನಡುವೆ ನಮ್ಮ ಲ್ಯಾಬು. ಭಾವ ಧಾರವಾಡದ ಕಡೆಯ ಎಂಜಿನಿಯರ್. ರಾಜಸ್ಥಾನದ ಮರುಭೂಮಿಯಲ್ಲಿ ಹಳೆಯ ಹವೇಲಿಯೊಂದನ್ನು ಹೋಟೆಲು ಮಾಡುವ ಕೆಲಸವನ್ನು ಇಲ್ಲೇ ಹತ್ತಿರದ ಕ್ಯುಪರ್ಟಿನೋದ ತಮ್ಮ ಮನೆಯಿಂದಲೇ ನೋಡಿಕೊಳ್ಳುತ್ತಿದ್ದರು. ಅಲ್ಲೊಂದು ಕೋಣೆಯ ಗೋಡೆಗಳ ತುಂಬ ಮದುವೆ ದಿಬ್ಬಣದ ಚಿತ್ರ. ಅದನ್ನು ಉಳಿಸುವುದು ಹೇಗೆಂದು ಊಟದ ನಡುವೆ ಕೇಳಿದರು. ಹೊರಗಿನ ಸಿಮೆಂಟು ಕಿತ್ತು ಸುಣ್ಣದ ಗಾರೆ ಹಾಕಿಸಿ, ಗೋಡೆ ಉಸಿರಾಡಲಿ, ಒಳಗಿನ ತೇವ ಹೊರಹೋಗಲಿ ಎಂದೆ. ಹಗಲು ಕಿಟಕಿ ಮಾತ್ರ ತೆರೆಯಬೇಡಿ ಎಂದೂ ಹೇಳಿದೆ. ಹಾಗೆಂದೇ ನನ್ನ ನೆನಪು.

ಅವರು ಕಿಟಕಿಗಳನ್ನೆಲ್ಲ ತೆರೆಸಿದರು. ಸಾಲದೆಂದು ನೀರು ತುಂಬುವ ಕೂಲರುಗಳನ್ನೂ ಇಡಿಸಿದರು. ಹೊರಗಿನಿಂದ ಒಣ ಬಿಸಿಗಾಳಿ, ಒಳಗೆ ತೇವ. ಗೋಡೆಯೊಳಗಿನ ಉಪ್ಪು ಕರಗಿ, ಮತ್ತೆ ಹರಳುಗಟ್ಟಿ, ಹಿಂದಿನಿಂದ ಬಣ್ಣವನ್ನು ನೂಕಿತು. ಒಂದೇ ಬೇಸಿಗೆ ಸಾಕಾಯಿತು. ಭಾವ ತೋರಿಸಿದ ಫೋಟೋದಲ್ಲಿ ಪಲ್ಲಕ್ಕಿಯಿತ್ತು, ಮದುಮಗಳಿಗೆ ಮುಖವಿರಲಿಲ್ಲ. ಮುಖದ ಬಣ್ಣ ಉದುರಿ ಕಸದ ಮೊರದಲ್ಲಿತ್ತು.

“ನೀನ ಹೇಳಿದ್ದಲ್ಲೇನವಾ, ಖೋಲಿ ಉಸಿರಾಡಬೇಕು ಅಂತ?”

“ಭಾವ, ಖೋಲಿ ಅನ್ನೋ ಪದ ನನ್ನ ಬಾಯಲ್ಲಿ ಯಾವತ್ತು ಬಂದಿದೆ? ನಾನಂದಿದ್ದು ಗೋಡೆ!”

“ಗ್ವಾಡಿಗೆ ಮೂಗು ಅದ ಏನು, ಉಸಿರಾಡಾಕ? ರೂಮು ಅಂದಿ ನೀ. ಹಾಸನದವ್ರ ಕನ್ನಡ ನಮಗ ತಿಳಿಯೂದಿಲ್ಲಂತ ಮಾಡೀಯೇನು?”

ಅಕ್ಕನ ಮಗಳು ಬಾಗಿಲಲ್ಲಿ ಬಂದು ನಿಂತಳು. “ಚಿಕ್ಕಮ್ಮ, ವೈ ಆರ್ ಯು ಯೆಲ್ಲಿಂಗ್?”

ಏನೆಂದು ಹೇಳಲಿ? ಹೋಟೆಲಿನ ಮಾಲೀಕರಿಗೆ ಕಳಿಸಿದ ವರದಿಯಲ್ಲಿ ನಿನ್ನಪ್ಪ “ತಜ್ಞರ ಮೌಖಿಕ ಸಲಹೆಯಂತೆ” ಎಂದು ಬರೆದು, ಕೆಳಗೆ ನನ್ನ ಹೆಸರು ಹಾಕಿದ್ದಾರೆ ಎಂದೇ? ಬಾಗಿಲೊಂದಕ್ಕೆ ಬಣ್ಣ ಆರಿಸಲು ಮೂರು ಮೀಟಿಂಗು ಮಾಡಿದವರು, ಈ ಕಿಟಕಿಗಳ ಬಗ್ಗೆ ಒಂದು ಫೋನು ಮಾಡಲಿಲ್ಲ. ಸಲಹೆಯನ್ನು ಬರೆದುಕೊಡು ಎನ್ನಲಿಲ್ಲ. ಮನೆಯವರಲ್ಲವೇ ಎಂದು ನಾನೂ ಬರೆದುಕೊಡಲಿಲ್ಲ. ಬೇರೆ ಯಾರಿಗೂ ನಾನು ಹಾಗೆ ಬಾಯಿಮಾತಿನ ಸಲಹೆ ಕೊಟ್ಟವಳಲ್ಲ. ಹೇವರ್ಡ್ ತಲುಪುವವರೆಗೂ ಫ್ರೀವೇಯಲ್ಲಿ ಒಬ್ಬಳೇ ಕೂಗಾಡಿದೆ.

ಮರುವಾರ ಒಗ್ಗರಣೆ ಸೀದು ಅಪಾರ್ಟ್‌ಮೆಂಟಿನ ತುಂಬ ಹೊಗೆ. ಕಿಟಕಿ ತೆರೆಯುತ್ತ ನನ್ನಷ್ಟಕ್ಕೇ ಅಂದುಕೊಂಡೆ: “ರೂಮು ಸ್ವಲ್ಪ ಉಸಿರಾಡಲಿ.” ಕೈ ಅಲ್ಲೇ ನಿಂತಿತು. ಸಿಟ್ಟು ಇಳಿಯಲಿಲ್ಲ, ಯಾರ ಮೇಲೆ ಎನ್ನುವುದು ಮಾತ್ರ ತಿಳಿಯದಾಯಿತು.

ಸಲಹೆ ಕೊಟ್ಟ ದಿನ ಊಟದ ಮೇಜಿನ ಬಳಿ ಇದ್ದವರು ನಾವು ಮೂವರೇ. ಅಕ್ಕನಿಗೆ ಮೆಸೇಜು ಹಾಕಿದೆ. ಓದಿದ್ದಾಳೆ. ಆಮೇಲೆ ಮಗಳ ಸ್ಕೂಲಿನ ಫೋಟೋ ಕಳಿಸಿದಳು, ದೋಸೆಹಿಟ್ಟು ಬೇಕಾ ಎಂದು ಕೇಳಿದಳು. ನಾನು ಕೇಳಿದ್ದು ಇಷ್ಟೇ:

“ಅಕ್ಕ, ನೀನು ಪಕ್ಕದಲ್ಲೇ ನಿಂತು ಬಡಿಸ್ತಿದ್ದೆಯಲ್ಲ. ನಾನು ಗೋಡೆ ಅಂದ್ನಾ, ರೂಮು ಅಂದ್ನಾ?”