ಉಪ್ಪು ತೊಳೆಯುವ ಮಳೆ

"ಗುನ್ವೋರ್ ಗಂಡನನ್ನ ಮನೆಯಿಂದ ಹೊರಗೆ ನೂಕಿದ್ಲು, ಈಗ ಒಳಗೆ ಕರೆಯೋಕೆ ದಾರಿ ಕಾಣದೆ ಕೂತಿದಾಳೆ" ಎಂದು ಹಾಲ್ಸ್‌ಬೋ ಊರಿನ ಅಕ್ಕಪಕ್ಕದವರು ಆಡಿಕೊಳ್ಳುತ್ತಿದ್ದರು. ಸುಳ್ಳೇನಲ್ಲ. ಮರ ಕೊಯ್ಯುವ ಕಾರ್ಖಾನೆ ಮುಚ್ಚಿದ ಮೇಲೆ ಗಂಡ ಎವರ್ತ್ ಅಡುಗೆಮನೆಯ ಕಿಟಕಿಗೆ ಅಂಟಿಕೊಂಡುಬಿಟ್ಟಿದ್ದ. ಹಿಮ ಗೋರುವ ಗಾಡಿ ಹೋಯಿತು, ಬಂತು; ಅಷ್ಟೇ ಅವನ ದಿನ. ಕೊನೆಗೆ ಅವಳೇ ರೇಗಿದಳು.

"ಎದ್ದೇಳೋ ಮಾರಾಯ. ನಿಮ್ಮಪ್ಪನ ಕೆಂಪು ವೋಲ್ವೊ ಶೆಡ್ಡಲ್ಲಿ, ನೀನಿಲ್ಲಿ. ಇಬ್ರಲ್ಲಿ ಯಾರಿಗೆ ಮೊದ್ಲು ತುಕ್ಕು ಹಿಡಿಯುತ್ತೆ ಅಂತ ನಾನು ಕಾಯ್ಕೊಂಡು ಕೂರ್ಲಾ? ಆ ಹಳೇ ಕಾರಿನವರ ಸಂಘಕ್ಕಾದ್ರೂ ಹೋಗು."

ಹೋದ. ಹೋದವನು ಹೋದನೇ. ಮೊದಲು ಬುಧವಾರ ಸಂಜೆ, ಆಮೇಲೆ ಶನಿವಾರವೂ, ಆಮೇಲೆ ವಾರವೆಲ್ಲ. ಗುನ್ವೋರ್ ಕಳಿಸಿದ ದಾಲ್ಚಿನ್ನಿ ಬನ್ನಿನ ಡಬ್ಬಿ ಖಾಲಿಯಾಗಿ ಬರುತ್ತಿತ್ತು. ಗಂಡ ಮಾತ್ರ ಬಾಯಿತುಂಬ ಎಂಜಿನ್ನಿನ ಪುರಾಣ ತುಂಬಿಕೊಂಡು ಬರುತ್ತಿದ್ದ.

ಸಂಘಕ್ಕೊಂದು ಕಟ್ಟಳೆಯಿತ್ತು. ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಚೆಲ್ಲುವ ಉಪ್ಪು ಹಳೆಯ ತಗಡನ್ನು ಗೆದ್ದಲಿನಂತೆ ತಿನ್ನುತ್ತದೆ. ಹಾಗಾಗಿ ವಸಂತದ ಮೊದಲ ಜಡಿಮಳೆ ರಸ್ತೆ ತೊಳೆಯಬೇಕು. ಸಂಘದ ಹಿರಿಯ ರೂನೆ ಟಾರಿಗೆ ಬೆರಳೊತ್ತಿ, ನೆಕ್ಕಿ, "ಸಪ್ಪೆ" ಅನ್ನಬೇಕು. ಆಮೇಲೆಯೇ ಕಾರುಗಳ ಮೆರವಣಿಗೆ. ಅದಕ್ಕೆ ಮುಂಚೆ ಹೊರಟವನಿಗೆ ವರ್ಷವಿಡೀ "ಉಪ್ಪುಮೀನು" ಎಂದೇ ಹೆಸರು.

ಆ ವರ್ಷ ಮೆರವಣಿಗೆಯಲ್ಲಿ ಎಲ್ಲಕ್ಕೂ ಮುಂದೆ ಹೋಗುವ ಕಾರು ಎವರ್ತ್‌ನದೆಂದು ತೀರ್ಮಾನವಾಗಿತ್ತು. ಅದೇ ವರ್ಷ ಗುನ್ವೋರಳ ಹೊಟ್ಟೆಯ ಗಡ್ಡೆ ಎಲ್ಲ ಕಡೆ ಹಬ್ಬಿತು. ಮಾಡುವುದಿನ್ನೇನೂ ಇಲ್ಲವೆಂದು ವೈದ್ಯರು ಆರೈಕೆ ಮನೆಯಲ್ಲಿ ಹಾಸಿಗೆ ಗೊತ್ತುಮಾಡಿದರು. ಹೋಗುವ ಮುಂಚೆ ಅವಳು ಕೇಳಿದ್ದು ಒಂದೇ.

"ಕೆಂಪು ಕಾರಲ್ಲಿ ಒಂದ್ಸಲ ವೆನೆರ್ನ್ ಸರೋವರದ ದಂಡೆಗೆ ಕರ್ಕೊಂಡು ಹೋಗೋ. ಮದುವೆ ದಿನ ಹೋಗಿದ್ವಲ್ಲ, ಹಾಗೆ."

"ದಿನಾ ಓಡಿಸೋ ಚಿಕ್ಕ ಕಾರಲ್ಲಿ ಈಗ್ಲೇ ಹೋಗೋಣ, ಬಾ."

"ಅದು ಆಸ್ಪತ್ರೆಗೆ ಹೋಗೋ ಕಾರು ಕಣೋ. ಹತ್ತಿದ್ರೆ ಸೂಜಿ ನೆನಪಾಗುತ್ತೆ."

"ಹಾಗಾದ್ರೆ ಮಳೆ ಬರ್ಲಿ ಗುನ್ವೋರ್. ಒಂದೇ ಒಂದು ಮಳೆ."

ಮಳೆ ಬರಲಿಲ್ಲ. ಹಿಮ ಕರಗಿತು, ಒಣಗಾಳಿ ಬೀಸಿತು, ರಸ್ತೆ ಬೂದಿ ಬಳಿದಂತೆ ಬೆಳ್ಳಗೆ ಬಿದ್ದುಕೊಂಡಿತು. ಅವಳನ್ನು ನೋಡಲು ರೂನೆ ಬಂದ.

"ರೂನೆ, ನಿನ್ನ ನಾಲಗೆ ನನಗೋಸ್ಕರ ಒಂದು ಸುಳ್ಳು ಹೇಳ್ಬಾರ್ದಾ?"

"ನಾಲಗೆ ಹೇಳುತ್ತೆ ಗುನ್ವೋರಕ್ಕ, ತಗಡು ನಂಬಬೇಕಲ್ಲ" ಎಂದು ಅವನು ನಕ್ಕ. ಎವರ್ತ್‌ನೂ ನಕ್ಕ. ತಮಾಷೆಯಲ್ಲವೆಂದು ಹೇಳಲು ಗುನ್ವೋರಳಿಗೆ ಬಾಯಿ ಬರಲಿಲ್ಲ. ತಾನೂ ನಕ್ಕಳು.

ಹೊರಡುವ ಬೆಳಗ್ಗೆ ಅವಳು ಕೋಟು ತೊಟ್ಟು ಬಾಗಿಲ ಬಳಿಯ ಮಣೆಯ ಮೇಲೆ ಕೂತಿದ್ದಳು. ಗಂಡ ಕಾಣಲಿಲ್ಲ. ಶೆಡ್ಡಿನ ಕಡೆಯಿಂದ ಸದ್ದು ಕೇಳಿಸಿತು: ಹೊದಿಕೆ ಎಳೆದದ್ದು, ಚಕ್ರಗಳ ಕೆಳಗಿನ ದಿಮ್ಮಿ ಒದ್ದದ್ದು. ಅವಳು ಶಾಲು ಸರಿಮಾಡಿಕೊಂಡಳು. ಕೀಲಿ ತಿರುಗಿತು, ಟಕ್. ಮತ್ತೊಮ್ಮೆ, ಟಕ್. ಚಳಿಗಾಲವಿಡೀ ನೆಲಮಾಳಿಗೆಯಲ್ಲಿದ್ದ ಬ್ಯಾಟರಿ ಸತ್ತುಹೋಗಿತ್ತು. ಮಳೆ ಬಂದ ಮೇಲೆ ಚಾರ್ಜಿಗೆ ಹಾಕಿದರಾಯಿತೆಂದು ಬಿಟ್ಟಿದ್ದ.

ರೋಗಿಗಳನ್ನು ಒಯ್ಯುವ ಗಾಡಿ ಬಂದು ನಿಂತಿತು. ಎವರ್ತ್ ಕೈಯೆಲ್ಲ ಕಪ್ಪು ಮಾಡಿಕೊಂಡು ಓಡಿಬಂದ.

"ಸ್ವಲ್ಪ ಹೊತ್ತು ಕೊಡ್ರಪ್ಪ. ಚಿಕ್ಕ ಕಾರಿಂದ ತಂತಿ ಹಾಕಿ ಎಬ್ಬಿಸ್ತೀನಿ. ನಾನೇ ಕರ್ಕೊಂಡು ಬರ್ತೀನಿ."

"ಮಲಗಿಸ್ಕೊಂಡೇ ಕರ್ಕೊಂಡ್ ಬನ್ನಿ ಅಂದಿದಾರೆ ಡಾಕ್ಟ್ರು, ಯಜಮಾನ್ರೇ" ಎಂದಳು ಗಾಡಿಯವಳು, ಮೆತ್ತಗೆ.

ಗಂಡ ಹೆಂಡತಿಯ ಮುಖ ನೋಡಿದ. ಗುನ್ವೋರ್ ಅವನ ಕಪ್ಪು ಕೈಯನ್ನು ಒಮ್ಮೆ ಹಿಡಿದು ಬಿಟ್ಟಳು.

"ಹೋಗು, ಮುಚ್ಚಿಡು ಅದನ್ನ. ಗಾಳಿಯಲ್ಲೂ ಉಪ್ಪಿದೆ."

ಚಳಿಗಾಲದಲ್ಲಿ ಜಾರದಿರಲೆಂದು ಅವಳೇ ಮೆಟ್ಟಿಲಿಗೆ ಚೆಲ್ಲಿದ್ದ ಉಪ್ಪು ಬೂಟಿನಡಿ ಕರಕರ ಎಂದಿತು. ಶೆಡ್ಡಿನ ತೆರೆದ ಬಾಗಿಲ ಕಡೆ ನೋಡದೆ, ಗಾಡಿಯವಳ ತೋಳು ಹಿಡಿದು, ಗುನ್ವೋರ್ ಮನೆಯಿಂದ ಕೆಳಗಿಳಿದಳು.